ದಿನಕ್ಕೆ 4 ಡಾಲರ್ ಸಂಬಳದ ಕಾದಂಬರಿಕಾರ

ಸ್ಟಾರ್‌ಬಕ್ಸ್ ಅಂದ ಕೂಡಲೇ ನಮಗೆ ನೆನಪಾಗುವುದು ಹಸಿರು ಲೋಗೋ, ಲ್ಯಾಪ್‌ಟಾಪ್ ತೆರೆದು ಕೂತ ಜನ, ಆಮೇಲೆ ಬಿಲ್ ನೋಡಿದಾಗ ಆಗುವ ಸಣ್ಣ ಸಂಕಟ. ಆದರೆ ಆ ಹೆಸರಿಗೂ ಕಾಫಿಗೂ ಮೂಲದಲ್ಲಿ ಯಾವ ಸಂಬಂಧವೂ ಇಲ್ಲ. ಸ್ಟಾರ್‌ಬಕ್ ಅನ್ನುವುದು 1851ರಲ್ಲಿ ಬಂದ ಒಂದು ಅಮೆರಿಕನ್ ಕಾದಂಬರಿಯ ಪಾತ್ರ. ತಿಮಿಂಗಿಲ ಬೇಟೆಗೆ ಹೊರಟ ಹಡಗಿನಲ್ಲಿ ಕ್ಯಾಪ್ಟನ್ನಿನ ನಂತರದ ಅಧಿಕಾರಿ. ಕ್ಯಾಪ್ಟನ್‌ಗೆ ತಲೆ ಕೆಟ್ಟಿದೆ ಅಂತ ಗೊತ್ತಿದ್ದೂ ಅವನನ್ನು ತಡೆಯಲಾಗದ ವಿವೇಕಿ. ಕಾದಂಬರಿಯ ಹೆಸರು ‘ಮೋಬಿ ಡಿಕ್’. ಬರೆದವನು ಹರ್ಮನ್ ಮೆಲ್ವಿಲ್.

ಆ ಹೆಸರು ಇವತ್ತು ಊರೂರಿನ ಪೇಪರ್ ಕಪ್‌ಗಳ ಮೇಲಿದೆ. ಅದನ್ನು ಪಾತ್ರಕ್ಕಿಟ್ಟವನಿಗೆ ಮಾತ್ರ ಆ ಪುಸ್ತಕ ಅನ್ನ ಹಾಕಲಿಲ್ಲ. 47ನೇ ವಯಸ್ಸಿನಲ್ಲಿ ಆತ ನ್ಯೂಯಾರ್ಕ್ ಬಂದರಿನಲ್ಲಿ ಕಸ್ಟಮ್ಸ್ ಇನ್‌ಸ್ಪೆಕ್ಟರ್ ಆಗಿ ಸೇರಿದ. ಸಂಬಳ ದಿನಕ್ಕೆ 4 ಡಾಲರ್. ಅಲ್ಲೇ 19 ವರ್ಷ ಕಳೆದ.

ನಾನು ಸಾಫ್ಟ್‌ವೇರ್ ಎಂಜಿನಿಯರ್. ಹಗಲು ಕೋಡ್, ಮೀಟಿಂಗು, ಟಿಕೆಟ್ಟು. ರಾತ್ರಿ ಹತ್ತರ ಮೇಲೆ ಇನ್ನೊಂದು ಫೈಲ್ ತೆರೆದು ಕಥೆ ಬರೆಯುವ ಚಟ. ‘ಇದರಿಂದ ಏನು ಸಿಗುತ್ತೆ ಮಗಾ?’ ಅಂತ ಗೆಳೆಯರು ಕೇಳ್ತಾರೆ. ಬೇಜಾರು ಮಾಡಬೇಕು ಅಂತ ಕೇಳೋದಲ್ಲ, ನಿಜವಾಗಿಯೂ ಅವರಿಗೆ ತಿಳಿದುಕೊಳ್ಳಬೇಕು. ಆಫೀಸು ಮುಗಿಸಿ ಹಾಡು ಕಲಿಯುವವರು, ಚಿತ್ರ ಬರೆಯುವವರು, ಯಾರೂ ಬಳಸದ ಆ್ಯಪ್ ಕಟ್ಟುವವರು, ಎಲ್ಲರೂ ಎದುರಿಸುವ ಪ್ರಶ್ನೆ ಇದು. ಹಾಗಾಗಿ ಮೆಲ್ವಿಲ್‌ನ ಪುಸ್ತಕಗಳಷ್ಟೇ ಅವನ ಬದುಕಿನ ಲೆಕ್ಕಪತ್ರವೂ ನನಗೆ ಮುಖ್ಯ.

ಅವನ ಬಗ್ಗೆ ಸಾಮಾನ್ಯವಾಗಿ ಹೇಳುವ ಕಥೆ ಹೀಗಿದೆ: ಮಹಾ ಕಾದಂಬರಿ ಬರೆದ, ಜನ ತಿರಸ್ಕರಿಸಿದರು, ಮನಸ್ಸು ಮುರಿದು ಮೂವತ್ತು ವರ್ಷ ಮೌನವಾದ, ಸತ್ತ ಮೇಲೆ ಗೆದ್ದ. ಕೇಳೋಕೆ ಚೆನ್ನಾಗಿದೆ. ಆದರೆ ಇದರಲ್ಲಿ ‘ಮೌನವಾದ’ ಅನ್ನೋ ಭಾಗ ಸರಿಯಿಲ್ಲ.

ಕೋರ್ಸ್ ಮಾಡಿದರೂ ಕೆಲಸವಿಲ್ಲ

ಮೆಲ್ವಿಲ್ ಹುಟ್ಟಿದ್ದು 1819ರ ಆಗಸ್ಟ್ 1ರಂದು, ನ್ಯೂಯಾರ್ಕ್‌ನಲ್ಲಿ. ತಾಯಿಯ ಕಡೆಯ ಅಜ್ಜ ಪೀಟರ್ ಗ್ಯಾನ್ಸ್‌ವೋರ್ಟ್ ಅಮೆರಿಕದ ಸ್ವಾತಂತ್ರ್ಯ ಯುದ್ಧದ ವೀರ. ತಂದೆ ಫ್ರಾನ್ಸ್‌ನಿಂದ ಶೋಕಿ ವಸ್ತುಗಳನ್ನು ತರಿಸಿ ಮಾರುವ ವ್ಯಾಪಾರಿ. ಸಾಲದ ಮೇಲೆ ಸಾಲ ಮಾಡಿ 1830ರಲ್ಲಿ ವ್ಯಾಪಾರ ಮುಳುಗಿತು. 1832ರಲ್ಲಿ ತಂದೆ ತೀರಿಕೊಂಡಾಗ ಹರ್ಮನ್‌ಗೆ ಹನ್ನೆರಡು ವರ್ಷ. ಶಾಲೆ ಬಿಟ್ಟು ವರ್ಷಕ್ಕೆ 150 ಡಾಲರ್‌ಗೆ ಬ್ಯಾಂಕಿನಲ್ಲಿ ಗುಮಾಸ್ತಿಕೆ ಶುರು ಮಾಡಿದ. ಆಮೇಲೆ ಅಣ್ಣನ ಅಂಗಡಿ, ಸ್ವಲ್ಪ ದಿನ ಹಳ್ಳಿ ಶಾಲೆಯ ಮೇಷ್ಟ್ರು.

1838ರಲ್ಲಿ ಈತ ಸರ್ವೆ ಮತ್ತು ಎಂಜಿನಿಯರಿಂಗ್ ಕೋರ್ಸಿಗೂ ಸೇರಿದ. ಈರಿ ಕಾಲುವೆಯ ಇಲಾಖೆಯಲ್ಲಿ ಕೆಲಸ ಸಿಗಬಹುದು ಅನ್ನೋ ಆಸೆ. ಕೋರ್ಸ್ ಮುಗಿಯಿತು, ಕೆಲಸ ಸಿಗಲಿಲ್ಲ. ಇದನ್ನು ಓದಿದಾಗ ನನ್ನ ಬ್ಯಾಚಿನ ಅರ್ಧ ಜನ ಕಣ್ಮುಂದೆ ಬಂದರು.

1841ರ ಜನವರಿಯಲ್ಲಿ ಅಕುಶ್ನೆಟ್ ಅನ್ನುವ ತಿಮಿಂಗಿಲ ಬೇಟೆಯ ಹಡಗು ಹತ್ತಿದ. ಆ ಕಾಲದಲ್ಲಿ ಮನೆಮನೆಯ ದೀಪ ಉರಿಯುತ್ತಿದ್ದದ್ದು, ಯಂತ್ರಗಳು ತಿರುಗುತ್ತಿದ್ದದ್ದು ತಿಮಿಂಗಿಲದ ಎಣ್ಣೆಯಿಂದ. ಅಂದರೆ ಅದು ಆಗಿನ ಕಾಲದ ಪೆಟ್ರೋಲಿಯಂ ಉದ್ಯಮ. ನಾವಿಕರಿಗೆ ತಿಂಗಳ ಸಂಬಳ ಇರಲಿಲ್ಲ, ಲಾಭದಲ್ಲಿ ಪಾಲು. ಮೆಲ್ವಿಲ್‌ನದು 175ರಲ್ಲಿ ಒಂದು ಪಾಲು. ಹಡಗು ಎಣ್ಣೆ ತುಂಬಿಕೊಂಡು ಮರಳಿದರೆ ಮಾತ್ರ ದುಡ್ಡು. ನಮ್ಮ ಸ್ಟಾರ್ಟಪ್‌ಗಳ ಷೇರು ಆಸೆಗೂ ಇದಕ್ಕೂ ಹೆಚ್ಚು ವ್ಯತ್ಯಾಸವಿಲ್ಲ.

ಹದಿನೆಂಟು ತಿಂಗಳಲ್ಲಿ ಸಾಕಾಗಿಹೋಯಿತು. 1842ರ ಜುಲೈನಲ್ಲಿ ಪೆಸಿಫಿಕ್ ಸಾಗರದ ನೂಕು ಹೀವಾ ದ್ವೀಪದಲ್ಲಿ, ಟೋಬಿ ಅನ್ನುವ ಗೆಳೆಯನ ಜೊತೆ ಹಡಗಿನಿಂದ ಓಡಿಹೋದ. ನರಭಕ್ಷಕರು ಅಂತ ಹೆಸರಾಗಿದ್ದ ತೈಪಿ ಜನರ ಕಣಿವೆಯಲ್ಲಿ ಕೆಲವು ವಾರ ಇದ್ದ. ಅಲ್ಲಿಂದ ತಪ್ಪಿಸಿಕೊಂಡು ಇನ್ನೊಂದು ಹಡಗು ಸೇರಿದರೆ ಅಲ್ಲಿ ನಾವಿಕರ ದಂಗೆ, ತಹಿತಿಯಲ್ಲಿ ಸೆರೆವಾಸ. ನಂತರ ಹವಾಯಿ. ಕೊನೆಗೆ ಅಮೆರಿಕದ ನೌಕಾಪಡೆಯ ಹಡಗಿನಲ್ಲಿ ಸಾಮಾನ್ಯ ನಾವಿಕನಾಗಿ ದುಡಿದು 1844ರಲ್ಲಿ ಊರಿಗೆ ಬಂದ. ವಯಸ್ಸು 25.

ಮನೆಯವರಿಗೆ ಈ ಕಥೆಗಳನ್ನೆಲ್ಲ ಹೇಳಿದ, ಆಮೇಲೆ ಬರೆದ. 1846ರಲ್ಲಿ ಬಂದ ಮೊದಲ ಪುಸ್ತಕ ‘ಟೈಪಿ’ ಗೆದ್ದಿತು. ಕೆಲವರು ಇದೆಲ್ಲ ಕಟ್ಟುಕಥೆ ಅಂದಾಗ, ಕಣ್ಮರೆಯಾಗಿದ್ದ ಟೋಬಿಯೇ ಬಫಲೋ ನಗರದಲ್ಲಿ ಪ್ರತ್ಯಕ್ಷನಾಗಿ ತಾನು ಸಾಕ್ಷಿ ಅಂತ ಪತ್ರಿಕೆಗೆ ಬರೆದ. ಮುಂದಿನ ವರ್ಷ ‘ಓಮೂ’ ಬಂತು. ಅದೇ ವರ್ಷ ಮ್ಯಾಸಚುಸೆಟ್ಸ್‌ನ ಮುಖ್ಯ ನ್ಯಾಯಮೂರ್ತಿ ಲೆಮ್ಯುಯೆಲ್ ಶಾ ಅವರ ಮಗಳು ಎಲಿಜಬೆತ್ ಜೊತೆ ಮದುವೆ.

ಕೊನೆಯ ಫೈಲ್ ಬಿಟ್ಟುಹೋದ ರಿಲೀಸ್

ಜನಕ್ಕೆ ಬೇಕಾಗಿದ್ದದ್ದು ಅದೇ ಥರದ ಇನ್ನಷ್ಟು ಸಾಹಸಕಥೆ. ಇವನಿಗೆ ಬೇಕಾಗಿದ್ದದ್ದು ಬೇರೆ. ಮೂರನೆಯ ಪುಸ್ತಕ ‘ಮಾರ್ಡಿ’ಯಲ್ಲಿ ತತ್ವಶಾಸ್ತ್ರ ಬೆರೆಸಿದ, ಪುಸ್ತಕ ಸೋತಿತು. ಆಗ 1849ರ ಬೇಸಿಗೆಯಲ್ಲಿ, ನಾಲ್ಕೈದು ತಿಂಗಳೊಳಗೆ ಎರಡು ಕಾದಂಬರಿ ಬರೆದುಹಾಕಿದ: ‘ರೆಡ್‌ಬರ್ನ್’ ಮತ್ತು ‘ವೈಟ್ ಜಾಕೆಟ್’. ಮಾವನಿಗೆ ಬರೆದ ಪತ್ರದಲ್ಲಿ, ಬೇರೆಯವರು ದುಡ್ಡಿಗಾಗಿ ಸೌದೆ ಸೀಳುವ ಹಾಗೆ ತಾನು ಇವನ್ನು ಬರೆದೆ ಅಂತ ಹೇಳಿಕೊಂಡಿದ್ದಾನೆ. ಹಾಗೆ ಬರೆದರೂ ಅವು ಒಳ್ಳೆಯ ಪುಸ್ತಕಗಳು. ಕ್ಲೈಂಟ್ ಕೆಲಸ ಮಾಡುವ ಕೈಗೂ ಕಸುಬು ಗೊತ್ತಿರುತ್ತೆ.

1850ರಲ್ಲಿ ಸಾಲ ಮಾಡಿ ಪಿಟ್ಸ್‌ಫೀಲ್ಡ್ ಅನ್ನುವ ಊರಿನಲ್ಲಿ ಮನೆ, ಹೊಲ ಕೊಂಡ. ಅದೇ ಬೇಸಿಗೆಯಲ್ಲಿ ಹಿರಿಯ ಲೇಖಕ ನಥಾನಿಯಲ್ ಹಾಥಾರ್ನ್‌ನ ಸ್ನೇಹವಾಯಿತು. ಆಗಲೇ ಶುರುವಾಗಿದ್ದ ತಿಮಿಂಗಿಲದ ಕಥೆ ಈ ಮನೆಯಲ್ಲಿ ಬೆಳೆದು ದೈತ್ಯವಾಯಿತು. ತನ್ನ ಕಾಲು ಕಿತ್ತುಕೊಂಡ ಬಿಳಿ ತಿಮಿಂಗಿಲದ ಮೇಲೆ ಸೇಡು ತೀರಿಸಿಕೊಳ್ಳಲು ಇಡೀ ಹಡಗನ್ನು ಸಾವಿನತ್ತ ನಡೆಸುವ ಕ್ಯಾಪ್ಟನ್ ಏಹಬ್‌ನ ಕಥೆ ಅದು. ತಿಮಿಂಗಿಲ ಹಡಗನ್ನೇ ಮುಳುಗಿಸುವುದು ಬರೀ ಕಲ್ಪನೆಯಲ್ಲ. 1820ರಲ್ಲಿ ಎಸೆಕ್ಸ್ ಅನ್ನುವ ಹಡಗಿಗೆ ತಿಮಿಂಗಿಲ ಗುದ್ದಿ ನಿಜವಾಗಿಯೂ ಮುಳುಗಿಸಿತ್ತು. ಅದರಲ್ಲಿ ಬದುಕುಳಿದ ಅಧಿಕಾರಿಯ ಬರಹವನ್ನು ಮೆಲ್ವಿಲ್ ಸಮುದ್ರದ ಮೇಲೆಯೇ ಓದಿದ್ದ, ಆ ಅಧಿಕಾರಿಯ ಮಗನ ಕೈಯಿಂದಲೇ ಇಸಿದುಕೊಂಡು.

ಬರೆಯುವಾಗ ದುಡ್ಡಿನ ಚಿಂತೆ ಬಿಟ್ಟಿರಲಿಲ್ಲ. 1851ರಲ್ಲಿ ಪ್ರಕಾಶಕರಿಂದ ಮುಂಗಡ ಕೇಳಿದ. ಅವನೇ ಅವರಿಗೆ ಸುಮಾರು 700 ಡಾಲರ್ ಬಾಕಿ ಇದ್ದ, ಹಾಗಾಗಿ ಅವರು ಕೊಡಲಿಲ್ಲ. ಪರಿಚಯದವರೊಬ್ಬರಿಂದ 2050 ಡಾಲರ್ ಸಾಲ ಎತ್ತಿದ. ಮಹಾನ್ ಕೃತಿಗಳು ನಿಶ್ಚಿಂತೆಯಲ್ಲಿ ಹುಟ್ಟುತ್ತವೆ ಅಂತ ಯಾರಾದರೂ ಹೇಳಿದರೆ ಈ ಎರಡು ಸಂಖ್ಯೆ ತೋರಿಸಿ.

ಪುಸ್ತಕ ಮೊದಲು ಬಂದದ್ದು ಲಂಡನ್ನಿನಲ್ಲಿ, 1851ರ ಅಕ್ಟೋಬರ್‌ನಲ್ಲಿ. ಅಲ್ಲಿಯ ಆವೃತ್ತಿಯಲ್ಲಿ ಒಂದು ಎಡವಟ್ಟು ಆಯಿತು. ಕೊನೆಯ ಪುಟ್ಟ ಉಪಸಂಹಾರವೇ ಅಚ್ಚಾಗಲಿಲ್ಲ. ಹಡಗು ಮುಳುಗಿದ ಮೇಲೆ ಕಥೆ ಹೇಳುವ ಇಷ್ಮೇಲ್ ಹೇಗೆ ಬದುಕಿದ ಅನ್ನುವುದು ಇರುವುದೇ ಅಲ್ಲಿ. ವಿಮರ್ಶಕರು ಕೇಳಿದರು: ಎಲ್ಲರೂ ಸತ್ತರೆ ಕಥೆ ಹೇಳಿದ್ದು ಯಾರು? ನ್ಯಾಯವಾದ ಪ್ರಶ್ನೆಯೇ. ಬಿಲ್ಡ್‌ನಲ್ಲಿ ಕೊನೆಯ ಫೈಲ್ ಬಿಟ್ಟುಹೋಗಿ, ಬೈಗುಳ ಮಾತ್ರ ಬರೆದವನಿಗೆ ಬಂದ ಹಾಗೆ. ನವೆಂಬರ್‌ನಲ್ಲಿ ನ್ಯೂಯಾರ್ಕ್ ಆವೃತ್ತಿ ಪೂರ್ತಿಯಾಗಿಯೇ ಬಂತು. ಅಷ್ಟರಲ್ಲಿ ಲಂಡನ್ನಿನ ಕಟು ವಿಮರ್ಶೆಗಳು ಅಮೆರಿಕದ ಪತ್ರಿಕೆಗಳಲ್ಲಿ ಮರುಮುದ್ರಣ ಆಗುತ್ತಿದ್ದವು.

ಆ ಅಮೆರಿಕನ್ ಆವೃತ್ತಿ ಅವನ ಜೀವಮಾನದಲ್ಲಿ ಮಾರಾಟವಾದದ್ದು ಮೂರು ಸಾವಿರ ಚಿಲ್ಲರೆ ಪ್ರತಿ. 1853ರಲ್ಲಿ ಪ್ರಕಾಶಕರ ಕಟ್ಟಡಕ್ಕೆ ಬೆಂಕಿ ಬಿದ್ದು ಉಳಿದ ಪ್ರತಿಗಳಲ್ಲಿ ಹೆಚ್ಚಿನವು ಸುಟ್ಟುಹೋದವು. ಈ ನಡುವೆ 1852ರ ‘ಪಿಯರ್’ ಕಾದಂಬರಿ ಎಷ್ಟು ಸಿಟ್ಟು ಬರಿಸಿತೆಂದರೆ, ಮೆಲ್ವಿಲ್‌ಗೆ ಹುಚ್ಚು ಹಿಡಿದಿದೆ ಅಂತಲೇ ನ್ಯೂಯಾರ್ಕಿನ ಒಂದು ಪತ್ರಿಕೆ ತಲೆಬರಹ ಕೊಟ್ಟಿತು.

ವಾಲ್‌ಸ್ಟ್ರೀಟಿನ ಗುಮಾಸ್ತ

ಆಮೇಲೆ ಮಾಸಪತ್ರಿಕೆಗಳಿಗೆ ಪುಟಕ್ಕೆ 5 ಡಾಲರ್ ಲೆಕ್ಕದಲ್ಲಿ ಕಥೆ ಬರೆಯತೊಡಗಿದ. ಅವುಗಳಲ್ಲಿ ಒಂದು ‘ಬಾರ್ಟಲ್‌ಬಿ’. 1853ರಲ್ಲಿ ಹೆಸರಿಲ್ಲದೆ ಪ್ರಕಟವಾಯಿತು. ಆಫೀಸು ಕೆಲಸದ ಬಗ್ಗೆ ನಾನು ಓದಿದ ಅತ್ಯುತ್ತಮ ಕಥೆ ಇದು.

ವಾಲ್‌ಸ್ಟ್ರೀಟಿನ ವಕೀಲರ ಕಚೇರಿ. ಕಿಟಕಿ ತೆರೆದರೆ ಎದುರಿಗೆ ಗೋಡೆ. ಅಲ್ಲಿ ದಸ್ತಾವೇಜುಗಳನ್ನು ಕೈಬರಹದಲ್ಲಿ ನಕಲು ಮಾಡುವ ಗುಮಾಸ್ತನಾಗಿ ಬಾರ್ಟಲ್‌ಬಿ ಸೇರುತ್ತಾನೆ. ಮೊದಮೊದಲು ಹಗಲೂ ರಾತ್ರಿ ದುಡಿಯುತ್ತಾನೆ. ಒಂದು ದಿನ ವಕೀಲರು ಕರೆದು, ನಕಲನ್ನು ಮೂಲದ ಜೊತೆ ಹೋಲಿಸಿ ನೋಡೋಣ ಬಾ ಅನ್ನುತ್ತಾರೆ. ನಮ್ಮ ಕೋಡ್ ರಿವ್ಯೂ ಅಂದುಕೊಳ್ಳಿ. ಬಾರ್ಟಲ್‌ಬಿ ಆಗಲ್ಲ ಅನ್ನೋದಿಲ್ಲ, ಜಗಳವೂ ಆಡೋದಿಲ್ಲ. ತನಗೆ ಅದನ್ನು ಮಾಡುವ ಮನಸ್ಸಿಲ್ಲ ಅಂತ ಬಹಳ ಮರ್ಯಾದೆಯಿಂದ, ಮೆಲ್ಲಗೆ ತಿಳಿಸುತ್ತಾನೆ. ಆಮೇಲೆ ಒಂದೊಂದೇ ಕೆಲಸಕ್ಕೆ ಅದೇ ಉತ್ತರ. ವಕೀಲರು ಕೆಟ್ಟವರೇನಲ್ಲ. ಆದರೆ ಇಂಥವನನ್ನು ಏನು ಮಾಡಬೇಕು ಅಂತ ಅವರಿಗೆ ಹೊಳೆಯೋದೇ ಇಲ್ಲ.

ಬರ್ನ್‌ಔಟ್ ಅನ್ನೋ ಪದ ಹುಟ್ಟುವ ಎಷ್ಟೋ ಮೊದಲು ಬರೆದದ್ದು ಇದು. ಮಾರುಕಟ್ಟೆ ಕೇಳಿದ್ದನ್ನು ನಕಲು ಮಾಡಿಕೊಡಲು ಮನಸ್ಸು ಒಪ್ಪದ ಲೇಖಕನ ಕಥೆಯೂ ಹೌದು ಅಂತ ಅನೇಕ ವಿಮರ್ಶಕರು ಓದಿದ್ದಾರೆ.

1857ರಲ್ಲಿ ‘ದಿ ಕಾನ್ಫಿಡೆನ್ಸ್ ಮ್ಯಾನ್’ ಬಂತು. ಅವನು ಬದುಕಿದ್ದಾಗ ಪ್ರಕಟವಾದ ಕೊನೆಯ ಗದ್ಯ ಪುಸ್ತಕ. ವಯಸ್ಸು ಇನ್ನೂ 37. ಕೆಲವು ವರ್ಷ ಊರೂರು ತಿರುಗಿ ಭಾಷಣ ಮಾಡಿದ, ಅದರಿಂದಲೂ ಸಂಸಾರ ನಡೆಯಲಿಲ್ಲ.

ಬಂದರಿನ 19 ವರ್ಷ

1866ರ ಡಿಸೆಂಬರ್‌ನಲ್ಲಿ ಕಸ್ಟಮ್ಸ್ ಕೆಲಸ ಸಿಕ್ಕಿತು. ವಾರಕ್ಕೆ ಆರು ದಿನ. ಬಂದ ಹಡಗುಗಳ ಸರಕು ಇಳಿಸುವಾಗ ನಿಂತು ಪಟ್ಟಿ ತಾಳೆ ನೋಡುವುದು, ವರದಿ ಬರೆಯುವುದು. ಪ್ರಪಂಚ ಸುತ್ತಿದ ನಾವಿಕ ಈಗ ದಡದಲ್ಲಿ ನಿಂತು ಬೇರೆಯವರ ಹಡಗು ಎಣಿಸುತ್ತಿದ್ದ.

ನ್ಯೂಯಾರ್ಕ್ ಕಸ್ಟಮ್ಸ್ ಹೌಸ್ ಆಗ ಲಂಚಕ್ಕೆ, ರಾಜಕೀಯ ನೇಮಕಾತಿಗೆ ಕುಖ್ಯಾತ. ಸರ್ಕಾರ ಬದಲಾದಾಗ ಜನರೂ ಬದಲಾಗುತ್ತಿದ್ದರು. ಮೆಲ್ವಿಲ್ ಉಳಿದುಕೊಂಡ. ಅವನ ಕೆಲಸ ತೆಗೆಯಬೇಡಿ ಅಂತ ಕೋರಿ 1873ರಲ್ಲಿ ಅವನ ತಂಗಿಯ ಗಂಡ ಬರೆದ ಪತ್ರವೊಂದಿದೆ. ವ್ಯಾಪಾರಿಗಳು ಹಿಂದಿನಿಂದ ಬಂದು ಜೇಬಿಗೆ ತುರುಕಿದ ದುಡ್ಡನ್ನೂ ಈತ ಸದ್ದಿಲ್ಲದೆ ವಾಪಸ್ ಕೊಟ್ಟುಬಿಡುತ್ತಾನೆ ಅನ್ನುವುದು ಅದರಲ್ಲಿರುವ ವಿವರ.

ಅವನು ಹಲವು ವರ್ಷ ಕೆಲಸ ಮಾಡಿದ್ದು ಗ್ಯಾನ್ಸ್‌ವೋರ್ಟ್ ಬೀದಿಯ ಬಳಿ. ಹೌದು, ಅಜ್ಜನ ಹೆಸರಿನ ಬೀದಿಯೇ. 1870ರಲ್ಲಿ ತಾಯಿಗೆ ಬರೆದ ಪತ್ರದಲ್ಲಿ ಒಂದು ಪ್ರಸಂಗವಿದೆ. ಅಲ್ಲಿನ ಹೋಟೆಲಿನಲ್ಲಿ ಹೊಗೆಸೊಪ್ಪು ಕೊಳ್ಳುತ್ತಾ, ಈ ಗ್ಯಾನ್ಸ್‌ವೋರ್ಟ್ ಅಂದರೆ ಏನು ಅಂತ ಕೇಳಿದನಂತೆ. ಕೌಂಟರಿನವನಿಗೆ ಗೊತ್ತಿಲ್ಲ. ದೂರದ ಮೇಜಿನಲ್ಲಿ ಕೂತಿದ್ದವನು, ಹಿಂದೆ ಇಲ್ಲಿ ಆಸ್ತಿ ಇದ್ದ ಯಾವುದೋ ಭಾರಿ ಸಾಹುಕಾರರ ಮನೆತನ ಅಂತ ವಿವರಿಸಿದನಂತೆ. ಕೇಳುತ್ತಿದ್ದ ಮೊಮ್ಮಗನ ಜೇಬಿನಲ್ಲಿ ದಿನಗೂಲಿ.

ಆ ವರ್ಷಗಳಲ್ಲೂ ಬರವಣಿಗೆ ನಿಂತಿರಲಿಲ್ಲ. ಕೆಲಸಕ್ಕೆ ಸೇರುವ ಕೆಲವೇ ತಿಂಗಳ ಹಿಂದೆ ಅಂತರ್ಯುದ್ಧದ ಕವನಗಳ ಸಂಕಲನ ತಂದಿದ್ದ. ಕೆಲಸದಲ್ಲಿರುವಾಗಲೇ, ಸಂಜೆ ಮತ್ತು ರಜೆಗಳಲ್ಲಿ, ಜೆರುಸಲೇಮಿನ ಯಾತ್ರೆಯನ್ನು ಹೇಳುವ ‘ಕ್ಲಾರೆಲ್’ ಬರೆದ. ಸುಮಾರು 18,000 ಸಾಲುಗಳ ಕಾವ್ಯ. 1876ರಲ್ಲಿ ಸೋದರಮಾವ ಕೊಟ್ಟ ದುಡ್ಡಿನಲ್ಲಿ ಅಚ್ಚಾಯಿತು. ಮಾರಾಟವಾಗದೆ ಉಳಿದ ಪ್ರತಿಗಳನ್ನು 1879ರಲ್ಲಿ ರದ್ದಿಗೆ ಹಾಕಿದರು. ನಂತರದ ಎರಡು ಕವನ ಸಂಕಲನಗಳನ್ನು ಸ್ವಂತ ಖರ್ಚಿನಲ್ಲಿ ತಲಾ 25 ಪ್ರತಿ ಮಾತ್ರ ಮಾಡಿಸಿದ.

25 ಪ್ರತಿ! ನಮ್ಮ ಫ್ಯಾಮಿಲಿ ವಾಟ್ಸ್‌ಆ್ಯಪ್ ಗ್ರೂಪಿನಲ್ಲೇ ಅದಕ್ಕಿಂತ ಹೆಚ್ಚು ಜನ ಇದ್ದಾರೆ. ಹಾಗಾದರೆ ಆ ಮೂವತ್ತು ವರ್ಷ ಮೌನವಾಗಿದ್ದದ್ದು ಯಾರು? ಪತ್ರಿಕೆಗಳು, ಪ್ರಕಾಶಕರು, ಓದುಗರು. ಅವನಂತೂ ಅಲ್ಲ.

ಮನೆಯವರು ತೆತ್ತ ಬೆಲೆ

ಇದನ್ನು ಬರೀ ಸ್ಫೂರ್ತಿಯ ಕಥೆ ಮಾಡಿ ಮುಗಿಸಿದರೆ ಎಲಿಜಬೆತ್‌ಗೆ ಅನ್ಯಾಯವಾಗುತ್ತೆ. ಮನೆಯಲ್ಲಿ ಮೆಲ್ವಿಲ್ ಸುಲಭದ ಮನುಷ್ಯನಾಗಿರಲಿಲ್ಲ. 1867ರಲ್ಲಿ ಎಲಿಜಬೆತ್ ಅವನನ್ನು ಬಿಟ್ಟು ತವರಿಗೆ ಹೋಗುವ ಬಗ್ಗೆ ಅವಳ ಕುಟುಂಬದವರು, ಚರ್ಚಿನ ಪಾದ್ರಿ ಗುಟ್ಟಾಗಿ ಚರ್ಚಿಸಿದ ಪತ್ರಗಳು ಸಿಕ್ಕಿವೆ. ಅವಳು ಹೋಗಲಿಲ್ಲ. ಅದೇ ವರ್ಷ ಸೆಪ್ಟೆಂಬರ್‌ನಲ್ಲಿ 18 ವರ್ಷದ ಹಿರಿಮಗ ಮ್ಯಾಲ್ಕಮ್ ತನ್ನ ಕೋಣೆಯಲ್ಲಿ ಗುಂಡೇಟಿನಿಂದ ಸತ್ತು ಬಿದ್ದಿದ್ದ, ಕೈಯಲ್ಲಿ ಪಿಸ್ತೂಲು. ಎರಡನೆಯ ಮಗ ಸ್ಟ್ಯಾನ್ವಿಕ್ಸ್ 1886ರಲ್ಲಿ ಕ್ಷಯದಿಂದ ತೀರಿಕೊಂಡ. ಹೆಣ್ಣುಮಕ್ಕಳಲ್ಲಿ ಫ್ರಾನ್ಸೆಸ್‌ಗೆ ಅಪ್ಪನ ಬಗ್ಗೆ ಮಾತಾಡುವುದೇ ಇಷ್ಟವಿರಲಿಲ್ಲ. ‘ಕ್ಲಾರೆಲ್’ನ ಕರಡು ತಿದ್ದಲು ನಡುರಾತ್ರಿ ಎಬ್ಬಿಸುತ್ತಿದ್ದದ್ದು ಅವಳ ನೆನಪುಗಳಲ್ಲೊಂದು.

ನನ್ನಂಥವರು ನಿಂತು ಯೋಚಿಸಬೇಕಾದ ಜಾಗ ಇದು. ಆಫೀಸಿನ ನಂತರ ನಾವು ‘ನನ್ನ ಸಮಯ’ ಅಂತ ತೆಗೆದುಕೊಳ್ಳುವ ಗಂಟೆಗಳು ಯಾರದೋ ಪಾಲಿನಿಂದಲೂ ಬಂದಿರುತ್ತವೆ. ಅಡುಗೆಮನೆಯಲ್ಲಿ ಒಬ್ಬರೇ ಕೆಲಸ ಮುಗಿಸುವವರ ಪಾಲು, ಅಪ್ಪನ ಬಾಗಿಲು ಮುಚ್ಚಿದೆ ಅಂತ ವಾಪಸ್ ಹೋಗುವ ಮಗುವಿನ ಪಾಲು. ಕೃತಿ ಎಷ್ಟೇ ದೊಡ್ಡದಾದರೂ ಆ ಬಾಕಿ ತಾನಾಗಿ ತೀರುವುದಿಲ್ಲ.

ಕೊನೆಗೆ ಅವನಿಗೆ ಬಿಡುವು ಸಿಕ್ಕಿದ್ದೂ ಎಲಿಜಬೆತ್‌ನಿಂದಲೇ. ಅವಳಿಗೆ ಬಂಧುಗಳಿಂದ ಬಂದ ಆಸ್ತಿಯ ಬಲದಿಂದ 1885ರ ಕೊನೆಯ ದಿನ ಕೆಲಸ ಬಿಟ್ಟ. ಪುಸ್ತಕ, ಚಿತ್ರ ಕೊಳ್ಳಲು ಅವನ ಕೈಗೆ ತಿಂಗಳಿಗೆ 25 ಡಾಲರ್ ಕೊಡುತ್ತಿದ್ದವಳೂ ಅವಳೇ.

ಡಬ್ಬಿಯಲ್ಲಿ ಉಳಿದ ಕಾದಂಬರಿ

ನಿವೃತ್ತಿಯ ಮೇಲೆ ಒಂದು ಕವನ ಶುರು ಮಾಡಿದ. ಗಲ್ಲಿಗೇರಲಿರುವ ನಾವಿಕನೊಬ್ಬನ ಹಿಂದಿನ ರಾತ್ರಿಯ ಯೋಚನೆಗಳು. ಅದಕ್ಕೊಂದು ಗದ್ಯದ ಮುನ್ನುಡಿ ಸೇರಿಸಿದ. ಮುನ್ನುಡಿ ಬೆಳೆಬೆಳೆದು ‘ಬಿಲಿ ಬಡ್’ ಎಂಬ ಕಿರುಕಾದಂಬರಿ ಆಯಿತು. 1797ರ ಬ್ರಿಟಿಷ್ ಯುದ್ಧನೌಕೆ. ಎಲ್ಲರ ಅಚ್ಚುಮೆಚ್ಚಿನ ತರುಣ ಬಿಲಿ. ಉದ್ವೇಗವಾದರೆ ಅವನಿಗೆ ಮಾತು ತೊದಲುತ್ತದೆ. ದಂಗೆಯ ಸುಳ್ಳು ಆರೋಪ ಬಂದಾಗ ಮಾತು ಹೊರಡದೆ ಕೈ ಬೀಸುತ್ತಾನೆ, ಆರೋಪಿಸಿದ ಅಧಿಕಾರಿ ಸಾಯುತ್ತಾನೆ. ಹುಡುಗನ ಮನಸ್ಸಿನಲ್ಲಿ ಪಾಪವಿಲ್ಲ ಅಂತ ಕ್ಯಾಪ್ಟನ್‌ಗೆ ಗೊತ್ತು, ನಿಯಮ ಏನು ಹೇಳುತ್ತೆ ಅನ್ನುವುದೂ ಗೊತ್ತು. ನಿಯಮಪುಸ್ತಕದ ಜೊತೆ 19 ವರ್ಷ ಕಳೆದವನಿಗೆ ಮಾತ್ರ ಈ ಕಥೆ ಹೀಗೆ ಬರೆಯಲು ಸಾಧ್ಯ ಅನ್ನಿಸುತ್ತೆ.

ಹಸ್ತಪ್ರತಿಯ ಕೊನೆಯಲ್ಲಿ 1891ರ ಏಪ್ರಿಲ್ 19 ಅಂತ ದಿನಾಂಕ ಹಾಕಿದ್ದಾನೆ. ಅಲ್ಲಲ್ಲಿ ತಿದ್ದುಪಡಿ ಇನ್ನೂ ನಡೆದಿತ್ತು. ಅದೇ ವರ್ಷ ಸೆಪ್ಟೆಂಬರ್ 28ರಂದು ತೀರಿಕೊಂಡ. ನ್ಯೂಯಾರ್ಕ್ ಟೈಮ್ಸ್ ಹಾಕಿದ ಚಿಕ್ಕ ಸುದ್ದಿಯಲ್ಲಿ ‘ಮೋಬಿ ಡಿಕ್’ನ ಸ್ಪೆಲ್ಲಿಂಗೇ ತಪ್ಪಾಗಿತ್ತು.

ಎಲಿಜಬೆತ್ ಆ ಹಾಳೆಗಳನ್ನು ಜೋಪಾನ ಮಾಡಿದಳು. ಬ್ರೆಡ್ ಇಡುವ ತಗಡಿನ ಡಬ್ಬಿಯಲ್ಲಿ ಅವು ಉಳಿದವು. 1919ರಲ್ಲಿ, ಮೆಲ್ವಿಲ್ ಹುಟ್ಟಿ ನೂರು ವರ್ಷವಾದಾಗ, ಕೊಲಂಬಿಯಾ ವಿಶ್ವವಿದ್ಯಾಲಯದ ರೇಮಂಡ್ ವೀವರ್ ಎಂಬ ಅಧ್ಯಾಪಕ ಹುಡುಕಿಕೊಂಡು ಹೋದಾಗ ಮೊಮ್ಮಗಳು ಎಲಿನಾರ್ ಅವನ್ನು ತೆಗೆದುಕೊಟ್ಟಳು. 1924ರಲ್ಲಿ ‘ಬಿಲಿ ಬಡ್’ ಪ್ರಕಟವಾಯಿತು, ಬರೆದವನು ಸತ್ತು 33 ವರ್ಷದ ಮೇಲೆ. ಅಷ್ಟರಲ್ಲಿ ‘ಮೋಬಿ ಡಿಕ್’ನ ಎರಡನೇ ಜನ್ಮವೂ ಶುರುವಾಗಿತ್ತು.

ಈ ಕೀರ್ತಿಯಿಂದ ಮೆಲ್ವಿಲ್‌ಗೆ ಸಿಕ್ಕಿದ್ದು ಏನೂ ಇಲ್ಲ. ‘ಒಂದು ದಿನ ಜಗತ್ತು ಗುರುತಿಸುತ್ತೆ’ ಅಂತ ಅವನ ಉದಾಹರಣೆ ಕೊಡುವವರು ಇದನ್ನು ಮರೀತಾರೆ. ಅಂಥ ಹಸ್ತಪ್ರತಿಗಳಲ್ಲಿ ಎಷ್ಟೋ ಡಬ್ಬಿ ಸಮೇತ ಹಾಳಾಗಿರುತ್ತವೆ. ನನಗೆ ಅವನಿಂದ ಸಿಕ್ಕಿದ್ದು ಬೇರೆ ಧೈರ್ಯ. ಕೆಲಸ ಬಿಟ್ಟರೆ ಮಾತ್ರ ಕಲೆ ಅಂತ ಅವನು ಕಾಯಲಿಲ್ಲ. ಕೆಲಸವನ್ನು ಪ್ರಾಮಾಣಿಕವಾಗಿ ಮಾಡಿದ, ಬರೆಯುವುದನ್ನೂ ಬಿಡಲಿಲ್ಲ. ಯಾರೂ ಕೇಳದಿದ್ದರೂ ‘ಬಿಲಿ ಬಡ್’ ಬರೆಯುವಾಗ ಒಂದೊಂದು ವಾಕ್ಯವನ್ನೂ ಮತ್ತೆ ಮತ್ತೆ ತಿದ್ದಿದ.

ಎಲ್ಲಿಂದ ಶುರು ಮಾಡೋದು?

ನೇರವಾಗಿ ‘ಮೋಬಿ ಡಿಕ್’ಗೆ ಕೈ ಹಾಕಬೇಡಿ. ಮೊದಲು ‘ಬಾರ್ಟಲ್‌ಬಿ’ ಓದಿ, ಒಂದು ಸಂಜೆ ಸಾಕು. ಆಮೇಲೆ ‘ಬಿಲಿ ಬಡ್’, ಒಂದು ವಾರಾಂತ್ಯ. ನಂತರ ‘ಮೋಬಿ ಡಿಕ್’: 135 ಅಧ್ಯಾಯ, ಹೆಚ್ಚಿನವು ತೀರಾ ಚಿಕ್ಕವು. ಮೆಟ್ರೋದಲ್ಲಿ ಹೋಗುವಾಗೊಂದು, ಬರುವಾಗೊಂದು ಅಂತ ಓದಬಹುದು. ತಿಮಿಂಗಿಲಗಳ ವರ್ಗೀಕರಣದ ಅಧ್ಯಾಯ ಬಂದಾಗ ಬೇಸರವಾದರೆ ಮೊದಲ ಓದಿಗೆ ಹಾರಿಸಿ, ಯಾರೂ ಏನೂ ಅನ್ನಲ್ಲ. ಎಲ್ಲವೂ ಕಾಪಿರೈಟ್ ಮುಗಿದ ಪುಸ್ತಕಗಳು, ಇಂಗ್ಲಿಷ್ ಮೂಲ ಫೋನಿನಲ್ಲೇ ಉಚಿತವಾಗಿ ಸಿಗುತ್ತೆ.

ಒಂದೇ ಎಚ್ಚರಿಕೆ. ‘ಬಾರ್ಟಲ್‌ಬಿ’ ಓದಿದ ಮರುದಿನ ಮ್ಯಾನೇಜರಿಗೆ ಅವನ ಥರ ಉತ್ತರ ಕೊಡಲು ಹೋಗಬೇಡಿ. ಆ ಗುಮಾಸ್ತನಿಗೆ ಕೊನೆಗೆ ಏನಾಯಿತು ಅಂತ ಪೂರ್ತಿ ಓದಿ, ಆಮೇಲೆ ನಿಮ್ಮಿಷ್ಟ.